ಮಾರೋಕೆ ಮುಂಚೆ ಪೇಂಟ್ ಮಾಡಿಸಬೇಕಾ?

ಡೆಟ್ರಾಯ್ಟ್ ಪಕ್ಕದ ಊರಿಗೆ ಬಂದು ಹದಿನೆಂಟು ವರ್ಷ ಆಯಿತು. ನನ್ನ ಕೆಲಸ ಕಾರಿನ ಪೇಂಟಿಗೆ ಸಂಬಂಧಪಟ್ಟಿದ್ದು. ಹಾಗಾಗಿ ಗ್ಯಾರೇಜಿನಲ್ಲಿ ಹಳೇ ಕಾರು ಇಟ್ಟುಕೊಂಡವರು ಒಂದಲ್ಲ ಒಂದು ದಿನ ನನಗೆ ಫೋನ್ ಮಾಡುತ್ತಾರೆ. ಕನ್ನಡ ಕೂಟದ ಗೆಳೆಯರು ಕೇಳುತ್ತಾರೆ, ಅಕ್ಕಪಕ್ಕದ ಅಮೆರಿಕನ್ನರು ಕೇಳುತ್ತಾರೆ. ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೇ ಕಾರುಗಳು ಓಡಾಡುತ್ತವಲ್ಲ, ಅದನ್ನು ನೋಡಲು ಕುರ್ಚಿ ಹಾಕಿಕೊಂಡು ಕೂತಾಗ ಪಕ್ಕದಲ್ಲಿ ಕೂತವರೂ ಕೇಳುತ್ತಾರೆ. ಪ್ರಶ್ನೆ ಮಾತ್ರ ಒಂದೇ: "ಅಪ್ಪನ ಕಾಲದ ಮಸಲ್ ಕಾರ್ ಇದೆ, ಮಾರಬೇಕು. ಮೊದಲು ಪೇಂಟ್ ಮಾಡಿಸಿ, ಸೀಟು ಬದಲಾಯಿಸಿ, ಫಳಫಳ ಅನ್ನೋ ಹಾಗೆ ಮಾಡಿ ಮಾರಲಾ? ಇಲ್ಲಾ ಇದ್ದ ಹಾಗೇ ಕೊಟ್ಟುಬಿಡಲಾ?"

ಮುಟ್ಟಬೇಡಿ. ಇದೇ ನನ್ನ ಉತ್ತರ. ಆ ಕಾರಿನಲ್ಲಿ ಕಾರ್ಖಾನೆಯಿಂದ ಬಂದಿದ್ದು ಏನೇನು ಉಳಿದಿದೆ ಅಂತ ಗೊತ್ತಾಗುವವರೆಗೆ ಒಂದು ಸ್ಕ್ರೂ ಕೂಡ ತಿರುಗಿಸಬೇಡಿ.

ಯಾಕೆ ಅಂತ ಹೇಳುತ್ತೇನೆ. ಮಸಲ್ ಕಾರ್ ಅಂದರೆ ಮಧ್ಯಮ ಗಾತ್ರದ ಸಾಧಾರಣ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂರಿಸಿದ್ದು. 1964ರಲ್ಲಿ ಪಾಂಟಿಯಾಕ್ ಕಂಪನಿ ತನ್ನ ಟೆಂಪೆಸ್ಟ್ ಕಾರಿಗೆ 389 ಘನ ಇಂಚಿನ ವಿ8 ಎಂಜಿನ್ ಹಾಕಿ ಜಿಟಿಒ ಅಂತ ಮಾರಿತು. ಈ ಕಾಲ ಶುರುವಾಗಿದ್ದು ಅಲ್ಲಿಂದ ಅಂತ ಹೆಚ್ಚಿನವರು ಒಪ್ಪುತ್ತಾರೆ. ಮುಗಿದಿದ್ದೂ ಬೇಗ. ಇನ್ಶೂರೆನ್ಸ್ ಕಂತು ಏರಿತು, 1970ರಲ್ಲಿ ಗಾಳಿ ಮಾಲಿನ್ಯದ ಕಾನೂನು ಬಿಗಿಯಾಯಿತು, 1971ರಿಂದ ಜನರಲ್ ಮೋಟಾರ್ಸ್ ಎಂಜಿನ್‌ಗಳ ಕಂಪ್ರೆಷನ್ ಇಳಿಸಿತು, 1973ರಲ್ಲಿ ತೈಲದ ಬಿಕ್ಕಟ್ಟು ಬಂತು. ಎಲ್ಲ ಸೇರಿ ಹತ್ತು ವರ್ಷ ಕೂಡ ಆಗಲಿಲ್ಲ. ಇವನ್ನು ಕೊಂಡವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಹುಡುಗರು. ರೇಸ್ ಮಾಡಿದರು, ಎಂಜಿನ್ ಸುಟ್ಟರು, ಬೇರೆ ಎಂಜಿನ್ ಹಾಕಿದರು, ಕಾರ್ಬ್ಯುರೇಟರ್ ಬಿಸಾಕಿದರು, ಬಣ್ಣ ಬದಲಾಯಿಸಿದರು. ಹೀಗೆ ದಂಡಿಸಿಕೊಂಡ ಕಾರುಗಳ ನಡುವೆ ಹುಟ್ಟಿದ ಹಾಗೇ ಉಳಿದ ಒಂದು ಸಿಕ್ಕರೆ ತಿಳಿದವರು ಅದರ ಮುಂದೆ ಮಂಡಿಯೂರಿ ಕೂರುತ್ತಾರೆ.

ನಮ್ಮ ಪಕ್ಕದ ಮನೆಯ ಅಜ್ಜನ ಹತ್ತಿರ ಅಂಥದ್ದೊಂದು ಇತ್ತು. 1969ರ ಶೆವ್ರೊಲೆ ಶೆವೆಲ್, ಎಸ್‌ಎಸ್ 396, ನೀಲಿ ಬಣ್ಣ. ಎಸ್‌ಎಸ್ ಅಂದರೆ ಸೂಪರ್ ಸ್ಪೋರ್ಟ್, 396 ಅಂದರೆ ಘನ ಇಂಚಿನಲ್ಲಿ ಎಂಜಿನ್ ಗಾತ್ರ. ಹೊಸದಾಗಿ ಕೊಂಡಿದ್ದು ಅವರೇ. ಮಂಡಿ ನೋವು ಜಾಸ್ತಿಯಾಗಿ ಕ್ಲಚ್ ಒತ್ತೋಕೆ ಆಗದೆ ಮಾರಲು ಮನಸ್ಸು ಮಾಡಿದ್ದರು. ಪೇಂಟ್ ಅಂಗಡಿಯವರ ಹತ್ತಿರ ರೇಟೂ ಕೇಳಿಕೊಂಡು ಬಂದಿದ್ದರು. ಎಡ ಬಾಗಿಲಿನ ಮೇಲೆ ಒಂದು ಮೊಳದ ಗೀರು ಇತ್ತು. ಮಗ ಚಿಕ್ಕವನಿದ್ದಾಗ ಸೈಕಲ್ ತಂದು ಉಜ್ಜಿದ್ದಂತೆ. "ಇದನ್ನಾದರೂ ಮುಚ್ಚಿಸಲಾ?" ಅಂತ ಕೇಳಿದರು. ಒಂದು ವಾರ ತಡೀರಿ ಅಂದೆ.

ಮೊದಲ ದಿನ ಎಂಜಿನ್ ನೋಡಿದೆವು. ಶೆವ್ರೊಲೆ ಎಂಜಿನ್‌ನಲ್ಲಿ ಬಲಗಡೆಯ ಸಿಲಿಂಡರ್ ಹೆಡ್‌ನ ಮುಂದೆ, ಆಲ್ಟರ್ನೇಟರ್ ಮರೆಯಲ್ಲಿ, ಎರಡು ಬೆರಳಗಲದ ಸಮತಟ್ಟು ಜಾಗ ಇರುತ್ತದೆ. ಅದನ್ನು ಪ್ಯಾಡ್ ಅನ್ನುತ್ತಾರೆ. ಎಂಜಿನ್ ಎಲ್ಲಿ ಯಾವತ್ತು ತಯಾರಾಯಿತು, ಯಾವ ಕಾರಿಗೆ ಅಂತ ತಯಾರಾಯಿತು ಅನ್ನೋದನ್ನು ಅಲ್ಲೇ ಮುದ್ರೆ ಒತ್ತಿರುತ್ತಾರೆ. ಅಜ್ಜನ ಕಾರಿನಲ್ಲಿ ಅಲ್ಲಿ ಐವತ್ತು ಚಿಲ್ಲರೆ ವರ್ಷದ ಎಣ್ಣೆ, ಧೂಳು ಸೇರಿ ಕರೀ ಹೆಪ್ಪು ಕಟ್ಟಿತ್ತು. ಅಜ್ಜ ತಂತಿ ಬ್ರಷ್ ಎತ್ತಿಕೊಂಡರು. ನಾನು ಕೈ ಹಿಡಿದುಬಿಟ್ಟೆ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಚ್ಚಿ ತಿಕ್ಕೋ ಮನೆಯಲ್ಲಿ ಬೆಳೆದವರಿಗೆ ಕೊಳೆ ಕಂಡರೆ ಕೈ ಸುಮ್ಮನಿರೋದಿಲ್ಲ, ಅದು ನನಗೂ ಗೊತ್ತು. ಆದರೆ ಇಲ್ಲಿ ತಿಕ್ಕಬಾರದು. ಕೊಳೆ ಕರಗಿಸೋ ಸ್ಪ್ರೇ, ಮೆತ್ತನೆ ಹತ್ತಿ ಬಟ್ಟೆ, ಒಂದು ಹಳೇ ಹಲ್ಲುಜ್ಜೋ ಬ್ರಷ್. ಅಷ್ಟೇ. ಒದ್ದೆ ಮಾಡಿ, ಕಾದು, ಒತ್ತಿ ತೆಗೆಯೋದು. ಅರ್ಧ ಗಂಟೆ ಹಿಡಿಯಿತು.

ಟಾರ್ಚನ್ನು ಓರೆಯಾಗಿ ಹಿಡಿದಾಗ ಅಕ್ಷರಗಳು ಎದ್ದು ಬಂದವು. ಮೊದಲು ಟಿ, ಆಮೇಲೆ 0304, ಆಮೇಲೆ ಎರಡಕ್ಷರದ ಕೋಡ್. ಟಿ ಅಂದರೆ ನ್ಯೂಯಾರ್ಕ್ ರಾಜ್ಯದ ಟೊನವಾಂಡ ಕಾರ್ಖಾನೆ. 0304 ಅಂದರೆ ಮಾರ್ಚ್ 4. ಪಕ್ಕದಲ್ಲೇ ಕಾರಿನ ವಿನ್ ನಂಬರಿನ ಕೊನೆಯ ಭಾಗ. ನಮ್ಮಲ್ಲಿ ಚಾಸಿ ನಂಬರ್ ಅಂತೀವಲ್ಲ, ಅದೇ. ಮುಂದಿನ ಗಾಜಿನ ಕೆಳಗೆ ಡ್ಯಾಶ್‌ಬೋರ್ಡ್ ಮೇಲಿರುವ ತಗಡಿನ ನಂಬರಿಗೆ ಹೋಲಿಸಿ ನೋಡಿದೆವು. ಅಂಕಿಗೆ ಅಂಕಿ ಕೂಡಿತು. ಎಂಜಿನ್ ಹಿಂದಿನ ಅಡ್ಡಗೋಡೆಯಲ್ಲಿ ಟ್ರಿಮ್ ಟ್ಯಾಗ್ ಅನ್ನೋ ಸಣ್ಣ ತಗಡಿನ ಮೇಲೆ 03ಸಿ ಅಂತ ಇತ್ತು. ಮಾರ್ಚ್ ಮೂರನೇ ವಾರ ಬಾಡಿ ತಯಾರಾಗಿದೆ ಅಂತ ಅರ್ಥ. ಮಾರ್ಚ್ 4ಕ್ಕೆ ಎಂಜಿನ್, ಎರಡು ವಾರದಲ್ಲಿ ಕಾರು. ಲೆಕ್ಕ ಸರಿಹೋಯಿತು. ಇದನ್ನೇ ನಂಬರ್ಸ್ ಮ್ಯಾಚಿಂಗ್ ಅನ್ನೋದು.

ಅಂಕಿಗಳಿಗಿಂತ ನಾನು ಅಜ್ಜನಿಗೆ ತೋರಿಸಬೇಕು ಅಂತ ಒದ್ದಾಡಿದ್ದು ಅವುಗಳ ಅಡಿಯಲ್ಲಿದ್ದ ಗೆರೆಗಳನ್ನು. ಬಾಚಣಿಗೆ ಎಳೆದ ಹಾಗೆ ಒಂದರ ಪಕ್ಕ ಒಂದು ಸಣ್ಣ ಗೆರೆ. ಬ್ಲಾಕಿನ ಮೇಲ್ಮೈಯನ್ನು ಮೆಷಿನ್‌ನಲ್ಲಿ ಕೊರೆದು ಸಮ ಮಾಡಿದಾಗ ಆದದ್ದು. ಮೋಸ ಮಾಡುವವರು ಹಳೇ ಅಂಕಿಯನ್ನು ಉಜ್ಜಿ ಅಳಿಸಿ ಹೊಸ ಅಂಕಿ ಒತ್ತುತ್ತಾರೆ. ಆಗ ಈ ಗೆರೆಗಳು ಹೋಗುತ್ತವೆ. ತಿಳಿದ ಕೊಳ್ಳುವವರು ಭೂತಗನ್ನಡಿ ಹಿಡಿದು ಮೊದಲು ನೋಡುವುದು ಇದನ್ನೇ. ತಂತಿ ಬ್ರಷ್ಷಿನಿಂದ, ಉಪ್ಪುಕಾಗದದಿಂದ ಆ ಜಾಗ ತಿಕ್ಕಿದರೆ ಪ್ರಾಮಾಣಿಕ ಎಂಜಿನ್ ಕೂಡ ಕಳ್ಳನ ಹಾಗೆ ಕಾಣುತ್ತದೆ. ಆಮೇಲೆ ನೀವು ಆಣೆ ಇಟ್ಟು ಹೇಳಿದರೂ ನಂಬೋರು ಯಾರು?

ಎರಡನೇ ಕೆಲಸ ಇನ್ನೂ ಮುಖ್ಯದ್ದು: ಕಾರು ನಿಜವಾದ ಎಸ್‌ಎಸ್ ಅಂತ ತೋರಿಸುವ ಕಾಗದ ಹುಡುಕೋದು. 1966ರಿಂದ 68ರವರೆಗೆ ಶೆವೆಲ್ ಎಸ್‌ಎಸ್ 396 ಕಾರಿಗೆ ವಿನ್ ನಂಬರಿನಲ್ಲೇ ಪ್ರತ್ಯೇಕ ಗುರುತು ಇತ್ತು. 1969ರಲ್ಲಿ ಎಸ್‌ಎಸ್ ಅನ್ನೋದು ಬರೀ ಆಪ್ಷನ್ ಪ್ಯಾಕೇಜ್ ಆಯಿತು. ಆ ವರ್ಷ 86,307 ಕಾರುಗಳಿಗೆ ಅದನ್ನು ಹಾಕಿದರು, ಆದರೆ ವಿನ್ ನಂಬರಿನಲ್ಲಿ ಅವು ಮಾಮೂಲಿ ಮ್ಯಾಲಿಬು (ಶೆವೆಲ್‌ನ ಸಾಧಾರಣ ಮಾದರಿ) ಥರಾನೇ. ಅಂದರೆ ಯಾರು ಬೇಕಾದರೂ ಮ್ಯಾಲಿಬುಗೆ ಎಸ್‌ಎಸ್ ಬ್ಯಾಡ್ಜ್ ಅಂಟಿಸಿ, ಕಪ್ಪು ಗ್ರಿಲ್ ಹಾಕಿ, ಎಸ್‌ಎಸ್ ಅಂತ ಮಾರಬಹುದು. ಮಾರಿದ್ದಾರೆ ಕೂಡ. ಪಾಂಟಿಯಾಕ್ ಆದರೆ ಕಂಪನಿಯ ಬಿಲ್ಲಿನ ಪ್ರತಿ ಇವತ್ತಿಗೂ ತರಿಸಬಹುದು. ಫೋರ್ಡ್‌ಗೆ 1967ರಿಂದ ಈಚೆಗೆ ಮಾರ್ಟಿ ರಿಪೋರ್ಟ್ ಇದೆ, ಅಂದರೆ ಕಂಪನಿಯ ದಾಖಲೆಯಿಂದ ತೆಗೆದುಕೊಡುವ ವರದಿ. ಅಮೆರಿಕದಲ್ಲಿ ಮಾರಾಟವಾದ ಆ ಕಾಲದ ಶೆವೆಲ್‌ಗಳಿಗೆ ಆ ಭಾಗ್ಯ ಇಲ್ಲ. ಕಾರಿನ ಜೊತೆ ಉಳಿದ ಕಾಗದವೇ ಗತಿ.

ಆ ಕಾಗದ ಎಲ್ಲಿರುತ್ತದೆ ಗೊತ್ತಾ? ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ. ಈ ಕಾರಿಗೆ ಏನೇನು ಜೋಡಿಸಬೇಕು ಅಂತ ಅಸೆಂಬ್ಲಿ ಲೈನಿನಲ್ಲಿ ಬಿಲ್ಡ್ ಶೀಟ್ ಅನ್ನೋ ಚೀಟಿ ಬರುತ್ತಿತ್ತು. ಕೆಲಸ ಮುಗಿದ ಮೇಲೆ ಅದು ಸೀಟಿನ ಸ್ಪ್ರಿಂಗಿನಲ್ಲೋ ಟ್ಯಾಂಕಿನ ಮೇಲೋ ಸಿಕ್ಕಿಕೊಂಡು ಉಳಿಯುತ್ತಿತ್ತು. ಯಾರೂ ಜೋಪಾನ ಮಾಡಲಿ ಅಂತ ಇಟ್ಟಿದ್ದಲ್ಲ. ನಾವು ಮೊದಲು ಹಿಂದಿನ ಸೀಟು ಎತ್ತಿದೆವು. ಮೂರು ಪೆನ್ನಿ, ಒಂದು ಹೇರ್‌ಪಿನ್, ಬಾಸ್ಕೆಟ್‌ಬಾಲ್ ಪಂದ್ಯದ ಹರಿದ ಟಿಕೆಟ್. ಚೀಟಿ ಇಲ್ಲ. ಮಾರನೇ ದಿನ ಪೆಟ್ರೋಲ್ ಖಾಲಿ ಮಾಡಿ, ಟ್ಯಾಂಕಿನ ಪಟ್ಟಿ ಸಡಿಲಿಸಿ, ಮೆಲ್ಲಗೆ ಇಳಿಸಿದೆವು. ಕಂದು ಬಣ್ಣಕ್ಕೆ ತಿರುಗಿ, ಅಂಚು ಇಲಿ ತಿಂದ ಹಾಗಾಗಿ, ತಗಡಿಗೆ ಅಂಟಿಕೊಂಡಿತ್ತು. ಇದ್ದಲ್ಲೇ ಫೋಟೋ ತೆಗೆದೆ. ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡಿಸಿದೆವು. ಒಂದು ಮೂಲೆ ಪುಡಿಯಾಯಿತು, ಇವತ್ತಿಗೂ ಬೇಜಾರಿದೆ. ಆದರೆ ವಿನ್ ನಂಬರ್ ಉಳಿದಿತ್ತು, ಪ್ಯಾಡ್ ಮೇಲೆ ಕಂಡ ಅದೇ ಎರಡಕ್ಷರದ ಎಂಜಿನ್ ಕೋಡ್ ಉಳಿದಿತ್ತು. ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಅವರ ಮಾತು ನಿಜ ಅಂತ ಹೇಳೋಕೆ ಆ ಕಾಗದ ಅಷ್ಟು ವರ್ಷ ಟ್ಯಾಂಕಿನ ಮೇಲೆ ಕಾದಿತ್ತು.

ಇನ್ನು ಪೇಂಟ್. ಇದು ನನ್ನ ಕಸುಬು, ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಆಗ ಜನರಲ್ ಮೋಟಾರ್ಸ್ ಬಳಸುತ್ತಿದ್ದುದು ಅಕ್ರಿಲಿಕ್ ಲ್ಯಾಕರ್. ಈಗಿನ ಹಾಗೆ ಬಣ್ಣದ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇಲ್ಲ. ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಚ್ಚಿ ಮರೆಯ ಜಾಗದಲ್ಲಿ ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣ ಅಂಟುತ್ತದೆ. ಅಜ್ಜನ ಕಾರಿನ ಟ್ರಂಕ್ ಅಂಚಿನಲ್ಲಿ ಉಜ್ಜಿದಾಗ ಬಟ್ಟೆ ನೀಲಿಯಾಯಿತು. ಆಮೇಲೆ ದಪ್ಪ ಅಳೆಯುವ ಮೀಟರ್ ಹಿಡಿದು ಬಾಡಿಯ ಸುತ್ತ ಬಂದೆ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 75ರಿಂದ 150 ಮೈಕ್ರಾನ್ ಒಳಗಿರುತ್ತದೆ. ಮೇಲೆ ಮತ್ತೊಮ್ಮೆ ಬಳಿದಿದ್ದರೆ ಅದು ಏರುತ್ತದೆ, ಅಡಿಯಲ್ಲಿ ಪುಟ್ಟಿ ಮೆತ್ತಿದ್ದರೆ ಹಲವು ಪಟ್ಟು ಆಗುತ್ತದೆ. ಇಲ್ಲಿ ಬಲಗಡೆ ಹಿಂದಿನ ಫೆಂಡರ್ ಒಂದು ಬಿಟ್ಟು ಎಲ್ಲ ಕಡೆ ಕಾರ್ಖಾನೆಯದ್ದೇ. ಅಡಿಗೆ ಮಲಗಿ ನೋಡಿದರೆ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ) ಮೇಲೆ ಯಾರೋ ಕೆಲಸಗಾರ ಕುಂಚದಿಂದ ಹಾಕಿದ ಹಳದಿ ಚುಕ್ಕೆ ಹಾಗೇ ಇತ್ತು. ನೋಡಿದ್ದೇನೆ, ಸರಿ ಇದೆ ಅನ್ನೋ ಗುರುತು. ಬಾಲ್ಟಿಮೋರ್ ಕಾರ್ಖಾನೆಯಲ್ಲಿ 1969ರ ಮಾರ್ಚ್‌ನಲ್ಲಿ ಒಬ್ಬ ಮನುಷ್ಯ ಬಗ್ಗಿ ಇಟ್ಟ ಚುಕ್ಕೆ. ಪ್ರೆಷರ್ ವಾಷರ್‌ನಿಂದ ಒಮ್ಮೆ ನೀರು ಹೊಡೆದರೆ ಹೋಗಿಬಿಡುತ್ತಿತ್ತು.

ಹೊಸ ಪೇಂಟ್ ಹೊಡೆಸಿದರೆ ಆಗುವುದೇನು? ಇನ್ನೊಬ್ಬ ಪರಿಚಯದವರ 1970ರ ಪ್ಲಿಮತ್ ರೋಡ್ ರನ್ನರ್ ಕಥೆ ಹೇಳುತ್ತೇನೆ. ಚೆನ್ನಾಗಿ ದುಡ್ಡು ಸುರಿದು ಪೇಂಟ್ ಮಾಡಿಸಿದರು. ಅಂಗಡಿಯವರು ಬಾನೆಟ್ ಒಳಗಿನ ಫೆಂಡರ್ ಟ್ಯಾಗ್, ಅಂದರೆ ಕಾರಿಗೆ ಏನೇನು ಹಾಕಿದ್ದರು ಅಂತ ಕೋಡ್ ಒತ್ತಿರುವ ತಗಡು, ಬಿಚ್ಚಿಟ್ಟು ಕಳೆದುಬಿಟ್ಟರು. ಕೊಳ್ಳಲು ಬಂದವರೆಲ್ಲ ಕೇಳಿದ್ದು ಒಂದೇ: "ಇದರ ಕೆಳಗೆ ಏನಿದೆ?" ಅವರ ಹತ್ತಿರ ತೋರಿಸಲು ಏನೂ ಇರಲಿಲ್ಲ. ಮೊದಲೇ ಫೋಟೋ ಕೂಡ ತೆಗೆದಿರಲಿಲ್ಲ. ಅವರ ಕಾರಿನ ತಗಡು ಗಟ್ಟಿಯಾಗಿತ್ತು, ಅದು ನಾನು ಕಣ್ಣಾರೆ ಕಂಡಿದ್ದು. ಆದರೆ ಹೊಳಪು ಅದನ್ನು ಮುಚ್ಚಿಹಾಕಿತ್ತು. ಕೊನೆಗೆ ಪೇಂಟಿಗೆ ಹಾಕಿದ ದುಡ್ಡೂ ಪೂರ್ತಿ ವಾಪಸ್ ಬರಲಿಲ್ಲ.

ಇದಕ್ಕೆ ವಿರುದ್ಧದ ಉದಾಹರಣೆ ಜಗತ್ತಿಗೇ ಗೊತ್ತಿರುವುದು. 1968ರ ಬುಲಿಟ್ ಸಿನಿಮಾದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಹಸಿರು ಮಸ್ಟಾಂಗ್. 1974ರಲ್ಲಿ ಒಂದು ಕುಟುಂಬ ಅದನ್ನು 6,000 ಡಾಲರ್‌ಗೆ ಕೊಂಡಿತು. ಮನೆಯಾಕೆ ಅದರಲ್ಲೇ ಶಾಲೆಗೆ ಪಾಠ ಹೇಳಲು ಹೋಗಿಬರುತ್ತಿದ್ದರು. ಮೆಕ್ವೀನ್ ಸ್ವತಃ ಪತ್ರ ಬರೆದು ಕೇಳಿದರೂ ಕೊಡಲಿಲ್ಲ. 2020ರ ಜನವರಿಯಲ್ಲಿ ಫ್ಲೋರಿಡಾದ ಕಿಸ್ಸಿಮ್ಮಿಯಲ್ಲಿ ಹರಾಜಿಗೆ ಬಂದಾಗ ಅದು ತುಕ್ಕು, ಬಿರುಕು, ಮಾಸಿದ ಬಣ್ಣ ಎಲ್ಲ ಇದ್ದ ಹಾಗೇ ಬಂತು. ಕಮಿಷನ್ ಸೇರಿ 37.4 ಲಕ್ಷ ಡಾಲರ್‌ಗೆ ಹೋಯಿತು. ಸಿನಿಮಾದ ಹೆಸರಿಗೆ ಬಂದ ಬೆಲೆ ಅದು, ಒಪ್ಪುತ್ತೇನೆ. ಆದರೆ ಕ್ಯಾಮೆರಾ ಕೂರಿಸಲು ಅಡಿಯಲ್ಲಿ ಬೆಸೆದಿದ್ದ ಕಬ್ಬಿಣದ ತುಂಡುಗಳನ್ನು ಯಾರಾದರೂ "ಕ್ಲೀನ್" ಮಾಡಿ ಕಿತ್ತುಹಾಕಿದ್ದರೆ ಇದೇ ಆ ಕಾರು ಅಂತ ತೋರಿಸುವುದು ಎಷ್ಟು ಕಷ್ಟ ಆಗುತ್ತಿತ್ತು, ಯೋಚನೆ ಮಾಡಿ.

ಹಾಗಂತ ಏನೂ ಮಾಡಲೇಬಾರದು ಅಂತಲ್ಲ. ಬ್ರೇಕ್ ಪೈಪು, ಪೆಟ್ರೋಲ್ ಪೈಪು, ಟೈರ್ ಬದಲಾಯಿಸಲೇಬೇಕು. ಅಲ್ಲಿ ಭಾವನೆಗೆ ಜಾಗ ಇಲ್ಲ, ಜೀವದ ಪ್ರಶ್ನೆ. ಬಿಚ್ಚಿದ ಪ್ರತಿ ಸಾಮಾನನ್ನೂ ಚೀಟಿ ಅಂಟಿಸಿ ಡಬ್ಬದಲ್ಲಿಟ್ಟು ಕಾರಿನ ಜೊತೆಗೇ ಕೊಡಿ. ಹಿಂದೆ ಯಾವಾಗಲೋ ತೆಗೆದ ಎಗ್ಸಾಸ್ಟ್ ಮ್ಯಾನಿಫೋಲ್ಡ್, ಹಳೇ ರೇಡಿಯೋ ಅಟ್ಟದ ಮೇಲಿದ್ದರೆ ಹುಡುಕಿ ತನ್ನಿ. ಡ್ಯಾಶ್‌ಬೋರ್ಡ್ ಮೇಲಿನ ವಿನ್ ತಗಡನ್ನು ಹೂವಿನ ತಲೆಯ ರಿವೆಟ್ ಹಾಕಿ ಕೂರಿಸಿರುತ್ತಾರೆ. ಅದನ್ನು ಯಾರಿಗೂ ಮುಟ್ಟಲು ಬಿಡಬೇಡಿ, ಆ ನಂಬರಿನ ಜೊತೆ ಆಟ ಆಡುವುದು ಇಲ್ಲಿ ಅಪರಾಧ.

ಮಿಷಿಗನ್ನಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದು ತಿಂದು ನೆಲವೇ ತೂತಾಗಿದ್ದರೆ, ಎಂಜಿನ್ ಮೊದಲಿನದ್ದಲ್ಲದಿದ್ದರೆ, ಎರಡು ಮೂರು ಸಲ ಬಣ್ಣ ಬಳಿದಾಗಿದ್ದರೆ ಉಳಿಸುವ ಮೂಲರೂಪವೇ ಇಲ್ಲ. ಅಂಥದ್ದನ್ನು ಇಷ್ಟಬಂದ ಹಾಗೆ ಮಾಡಿಸಿಕೊಂಡು ಖುಷಿಯಾಗಿ ಓಡಿಸಿ. ಆದರೆ ಮಾರೋಕೆ ಅಂತಲೇ ರಿಪೇರಿಗೆ ದುಡ್ಡು ಹಾಕುವ ಮುಂಚೆ ಲೆಕ್ಕ ಹಾಕಿ. ಹಾಕಿದ್ದು ವಾಪಸ್ ಬರುವುದು ಅಪರೂಪ.

ಮಾರುವಾಗ ನಾವು ಅಜ್ಜನ ಕಾರಿನ ಇನ್ನೂರಕ್ಕೂ ಹೆಚ್ಚು ಫೋಟೋ ತೆಗೆದೆವು. ಚೆಂದದ್ದಕ್ಕಿಂತ ಕುಂದಿನದ್ದೇ ಜಾಸ್ತಿ. ಸೈಕಲ್ ಗೀರು, ಫೆಂಡರ್ ಮತ್ತೆ ಬಳಿದಿದ್ದು, ಸೀಟಿನ ಹೊಲಿಗೆ ಬಿಟ್ಟಿದ್ದು ಎಲ್ಲ ನಾವೇ ಮೊದಲು ಬರೆದೆವು. ಹದಿನಾಲ್ಕು ಜನ ಬಂದರು. ಜಾಸ್ತಿ ದುಡ್ಡು ಹೇಳಿದವರಲ್ಲಿ ಒಬ್ಬರು ಕೆಂಪು ಬಣ್ಣ ಹೊಡೆಸುತ್ತೇನೆ ಅಂದರು. ಅಜ್ಜ ಅವರಿಗೆ ಕಾಫಿ ಕೊಟ್ಟು ಕಳಿಸಿದರು. ಓಹಾಯೋದಿಂದ ಬಂದ ಇನ್ನೊಬ್ಬರು ಮಾತಾಡದೆ ನೆಲಕ್ಕೆ ಮಲಗಿ, ಅಡಿಗೆ ಹೋಗಿ, ಹತ್ತು ನಿಮಿಷ ಆದರೂ ಹೊರಗೆ ಬರಲಿಲ್ಲ. ಬಂದಾಗ ಕೇಳಿದ್ದು ಹಳದಿ ಚುಕ್ಕೆಯ ಬಗ್ಗೆ. ಕಾರು ಅವರಿಗೇ ಹೋಯಿತು. ಇಬ್ಬರೂ ಬ್ಯಾಂಕಿಗೆ ಒಟ್ಟಿಗೆ ಹೋಗಿ, ಚೆಕ್ ಅಸಲಿ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಟೈಟಲ್‌ಗೆ, ಅಂದರೆ ಮಾಲೀಕತ್ವದ ಪತ್ರಕ್ಕೆ, ಸಹಿ ಹಾಕಿದ್ದು. ಇದನ್ನು ಮಾತ್ರ ಯಾರೂ ತಪ್ಪಿಸಬೇಡಿ.

ನವೆಂಬರ್‌ನಲ್ಲಿ ಕಾರು ಕೊಂಡವರು ಒಂದು ಫೋಟೋ ಕಳಿಸಿದರು. ಷಿಕಾಗೋ ಪಕ್ಕದ ರೋಸ್‌ಮಾಂಟ್‌ನ ಮಸಲ್ ಕಾರ್ ಪ್ರದರ್ಶನದಲ್ಲಿ ನೀಲಿ ಶೆವೆಲ್ ನಿಂತಿತ್ತು. ಜನ ಅಡಿಭಾಗ ನೋಡಲಿ ಅಂತ ನೆಲದ ಮೇಲೆ ಕನ್ನಡಿ ಹಾಸಿದ್ದರು. ಕನ್ನಡಿಯಲ್ಲಿ ಹಳದಿ ಚುಕ್ಕೆ ಸ್ಪಷ್ಟವಾಗಿ ಕಾಣುತ್ತಿತ್ತು. ಫೋನ್ ಹಿಡಿದು ಪಕ್ಕದ ಮನೆಗೆ ಓಡಿದೆ. ಅಜ್ಜ ಕನ್ನಡಿಯ ಕಡೆ ನೋಡಲೇ ಇಲ್ಲ. ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ ಎಡ ಬಾಗಿಲ ಹತ್ತಿರ ಸರಿಸಿದರು. "ಇದೆ," ಅಂದರು, "ಗೀರು ಇನ್ನೂ ಇದೆ."