ಗುಂಬ್ರಿಯ ಮುಂದೆ ಒಂದು ರಾತ್ರಿ

ನಮ್ಮ ಜೇವರ್ಗಿ ಕಡೆ ತೊಗರಿ ಹೊಲಕ್ಕೆ ಹಾಕುವ ಡಿಎಪಿ ಗೊಬ್ಬರಕ್ಕೆ ಫಾಸ್ಫೇಟ್ ಕಲ್ಲು ಬೇಕು. ಜಗತ್ತಿನಲ್ಲಿ ಆ ಕಲ್ಲು ಎಲ್ಲಕ್ಕಿಂತ ಜಾಸ್ತಿ ಇರುವುದು ಮೊರಾಕ್ಕೋದಲ್ಲಿ. ಅದೇ ಕೆಲಸದ ಮೇಲೆ ಬಂದು ಮೂರು ವರ್ಷದಿಂದ ಇಲ್ಲಿನ ಎಲ್ ಜದೀದಾ ಊರಿನಲ್ಲಿದ್ದೇನೆ. ಊರಿನಿಂದ ಫೋನ್ ಮಾಡಿದವರು ಊಟ, ಚಳಿ, ಸಂಬಳ ಎಲ್ಲ ಕೇಳುತ್ತಾರೆ. ಹಾಡಿನ ಬಗ್ಗೆ ಯಾರೂ ಕೇಳಿಲ್ಲ. ನನಗೋ ಅದನ್ನೇ ಹೇಳಬೇಕೆನಿಸುತ್ತದೆ.

ಮೊದಲು ಕಿವಿಗೆ ಬಿದ್ದದ್ದು ಐತಾ. ಬೆಳಗ್ಗೆ ಟ್ಯಾಕ್ಸಿ ಹತ್ತಿದರೆ ಅದೇ ಹಾಡು. ಐತಾ ಅಂದರೆ ಕೂಗು, ಕರೆ. ಈ ಸೀಮೆಯ ಹಳ್ಳಿಗಳ ಹಾಡು, ಹೆಣ್ಣುಮಕ್ಕಳು ಗಂಟಲು ಬಿಚ್ಚಿ ಹಾಡುತ್ತಾರೆ. ಪಿಟೀಲನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ನುಡಿಸುತ್ತಾರೆ. ಇದು ಬೇಗ ಹಿಡಿಸಿತು.

ಗ್ನಾವಾ ಹಾಗಲ್ಲ. ಎಸ್ಸವೀರಾ ಎಂಬ ಕಡಲೂರಿನಲ್ಲಿ 1998ರಿಂದ ಗ್ನಾವಾ ಸಂಗೀತದ ಹಬ್ಬ ನಡೆಯುತ್ತಿದೆ. ಆ ಊರಿನ ಬೀದಿಯಲ್ಲೇ ನಾನು ಅದನ್ನು ಮೊದಲು ಕೇಳಿದ್ದು. ಕೈಯಲ್ಲಿ ಕ್ರಾಕೆಬ್ ಎಂಬ ಕಬ್ಬಿಣದ ದೊಡ್ಡ ತಾಳಗಳು. ಒಂದೇ ಸಮನೆ ಅದರ ಸದ್ದು. ರಾಗ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಹುಡುಕಿದೆ, ಸಿಗಲಿಲ್ಲ. ಅರ್ಧ ಗಂಟೆಗೆ ತಲೆ ಸಿಡಿಯತೊಡಗಿತು, ಎದ್ದು ಬಂದೆ.

ಕೆಲವು ತಿಂಗಳಾದ ಮೇಲೆ ಜೊತೆಗೆ ಕೆಲಸ ಮಾಡುವ ಗೆಳೆಯ ತನ್ನ ಸೋದರತ್ತೆಯ ಮನೆಗೆ ಕರೆದುಕೊಂಡು ಹೋದ. ಅಲ್ಲಿ ಅಂದು 'ಲೀಲಾ' ಇತ್ತು. ಲೀಲಾ ಅಂದರೆ ರಾತ್ರಿ. ಬೆಳಗಿನವರೆಗೆ ಗ್ನಾವಾ ಹಾಡು, ಧೂಪ, ಕುಣಿತ. ಕಲಬುರಗಿಯಲ್ಲಿ ಬೆಳೆದವರ ಕಿವಿಯಲ್ಲಿ ಉರ್ದು ಹೇಗೂ ಇರುತ್ತದೆ ಅಲ್ವಾ, ಅದು ಅಲ್ಲಿ ಕೈಹಿಡಿಯಿತು. ಮುಖ್ಯ ಹಾಡುಗಾರ ಮಾಲೆಮ್, ಅಂದರೆ ನಮ್ಮ ಉರ್ದುವಿನ ಮುಅಲ್ಲಿಮ್, ಗುರು. ಮೈದುಂಬುವುದಕ್ಕೆ ಜೆದ್ಬಾ ಅನ್ನುತ್ತಾರೆ. ಜಜ್ಬಾ ಎಂದರೆ ನಮಗೆ ಗೊತ್ತಲ್ಲ, ಅದರ ಬೇರೂ ಇದೇ.

ಮಾಲೆಮ್ ಕೈಯಲ್ಲಿ ಗುಂಬ್ರಿ. ಮರದ ದಿಮ್ಮಿ ಕೊರೆದು, ಒಂಟೆಯ ಚರ್ಮ ಬಿಗಿದು, ಕರುಳಿನ ಮೂರು ತಂತಿ ಕಟ್ಟಿದ ವಾದ್ಯ. ಬೆರಳು ತಂತಿ ಮೀಟುತ್ತಲೇ ಚರ್ಮದ ಮೇಲೂ ಬಡಿಯುತ್ತದೆ. ತಂತಿಯೂ ಅದೇ, ತಮಟೆಯೂ ಅದೇ. ನನಗೆ ಚೌಡಕಿ ನೆನಪಾಯಿತು. ಎಲ್ಲಮ್ಮನ ಹಾಡಿನವರು ಕಂಕುಳಲ್ಲಿ ಹಿಡಿದು ಬಾರಿಸುವಾಗಲೂ ಹೀಗೇ ತಂತಿಯ ದನಿ ಚರ್ಮದೊಳಗಿಂದ ಬರುತ್ತದೆ. ಗುಂಬ್ರಿಯ ದನಿ ಇನ್ನೂ ತಗ್ಗು. ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ರಾತ್ರಿ ಎರಡರ ಹೊತ್ತಿಗೆ ನಾನು ರಾಗ ಹುಡುಕುವುದನ್ನು ಬಿಟ್ಟಿದ್ದೆ. ಬೀದಿಯಲ್ಲಿ ತಲೆನೋವು ತಂದ ಅದೇ ಕ್ರಾಕೆಬ್ ಸದ್ದು ಈಗ ಮಳೆಯ ಹಾಗೆ ಸುಮ್ನೆ ಸುರಿಯುತ್ತಿತ್ತು.

ಸಹಾರಾದ ಆಚೆಯಿಂದ ಗುಲಾಮರಾಗಿ ತಂದ ಜನರ ಮಕ್ಕಳು ಮೊಮ್ಮಕ್ಕಳು ಉಳಿಸಿಕೊಂಡು ಬಂದ ಸಂಗೀತ ಇದು. ಕ್ರಾಕೆಬ್‌ನದು ಕಾಲ ಬೇಡಿಯ ಸದ್ದು ಎಂದು ಜನ ಹೇಳುತ್ತಾರೆ. 2019ರಲ್ಲಿ ಯುನೆಸ್ಕೋ ಗ್ನಾವಾವನ್ನು ತನ್ನ ಪಟ್ಟಿಗೆ ಸೇರಿಸಿತು. ಕೆಲವು ಪದಗಳು ಪಶ್ಚಿಮ ಆಫ್ರಿಕಾದ ಬಂಬಾರಾದಂಥ ಭಾಷೆಗಳವು, ಹಾಡುವವರಿಗೂ ಎಲ್ಲದರ ಅರ್ಥ ಈಗ ಗೊತ್ತಿಲ್ಲ. ಅದನ್ನು ಕೇಳಿ ನನಗೆ ಬಹಳ ಹೊತ್ತು ಮಾತು ಬರಲಿಲ್ಲ. ಅರ್ಥ ಕಳೆದುಹೋಗಿದೆ, ಆದರೂ ಒಂದು ಪದವನ್ನೂ ಬಿಡದೆ ಹಾಡುತ್ತಿದ್ದಾರೆ.

ಈ ಸಲ ರಜೆಗೆ ಊರಿಗೆ ಹೋದಾಗ ಫೋನಿನಲ್ಲಿದ್ದ ಹಾಡನ್ನು ನಮ್ಮ ಕಾಕಾಗೆ ಕೇಳಿಸಿದೆ. ಅಮಾವಾಸ್ಯೆಯ ಭಜನೆಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರು ಅವರು. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಏನಂತ ಹಾಡ್ಲಾಕತ್ತಾರ ತಮ್ಮಾ?"

ಗೊತ್ತಿದ್ದಷ್ಟು ಹೇಳಿದೆ. ಅವರಿಗೆ ಸಮಾಧಾನ ಆಗಲಿಲ್ಲ. "ಅರ್ಥ ತಿಳೀಲಾರದ ಪದ ಹೆಂಗ ಹಾಡ್ತಾರೋ?" ತತ್ವಪದದಲ್ಲಿ ಮಾತೇ ಜೀವ. ಒಂದು ಸಾಲು ಹಾಡಿ, ನಿಲ್ಲಿಸಿ, ಅದರ ಒಳಗುಟ್ಟು ಬಿಡಿಸಿ ಹೇಳಿ ಮುಂದೆ ಹೋಗುವವರು ಅವರು. ಎಲ್ಲ ಸಂಗೀತವೂ ಒಂದೇ ಎನ್ನುವ ಮಾತನ್ನು ನಾನು ಅದಕ್ಕೇ ಒಪ್ಪುವುದಿಲ್ಲ. ಕಾಕಾ ಹುಡುಕುವುದು ಬೇರೆ, ಮಾಲೆಮ್ ಹುಡುಕುವುದು ಬೇರೆ.

ಆದರೂ ಮರುದಿನ ಸಂಜೆ ಕಟ್ಟೆಯ ಮೇಲೆ ಕೂತು ದಮ್ಮಡಿಯಲ್ಲಿ ಆ ನಡೆ ಹಿಡಿಯಲು ನೋಡುತ್ತಿದ್ದರು. ಮಡಿವಾಳಪ್ಪನವರ ಒಂದು ಪದ ಎತ್ತಿ ಅದಕ್ಕೆ ಕೂಡಿಸಿದರು. ಎರಡು ನುಡಿ ಆದ ಮೇಲೆ ನಿಲ್ಲಿಸಿದರು.

"ಇದಕ್ಕ ಕೂಡಂಗಿಲ್ಲ," ಅಂದರು. ತಮ್ಮ ತಾಳಕ್ಕೇ ಮರಳಿ ಪದ ಮುಗಿಸಿದರು. ದಮ್ಮಡಿ ಕೆಳಗಿಟ್ಟು ನನ್ನ ಕಡೆ ಕೈ ಚಾಚಿದರು.

"ಎಲ್ಲಿ, ಇನ್ನೊಮ್ಮಿ ಹಚ್ಚು ಅದನ್ನ."