ಎಂ.ಎ. ಯಾವುದೆಂದು ತೀರ್ಮಾನವಾಯಿತು

ಜೂನ್ 15, 2025, ಭಾನುವಾರ
ಆಲೂರು, ಹಾಸನ ಜಿಲ್ಲೆ

ಸರ್ಕಾರಿ ಅಧಿಕಾರಿಯಾಗಬೇಕೆನ್ನುವುದು ನನ್ನ ಆಸೆ. ಅದಕ್ಕೂ ಮೊದಲು ಹಾಸನದ ಹೇಮಗಂಗೋತ್ರಿ ಸ್ನಾತಕೋತ್ತರ ಕ್ಯಾಂಪಸ್ಸಿನಲ್ಲಿ ಅರ್ಥಶಾಸ್ತ್ರ ಎಂ.ಎ.ಗೆ ಅರ್ಜಿ ಹಾಕುವುದೆಂದು ಇವತ್ತು ಗಟ್ಟಿ ಮಾಡಿಕೊಂಡೆ.

ದೊಡ್ಡಪ್ಪನ ಮಗ ಬೆಂಗಳೂರಿನ ವಿಜಯನಗರದಲ್ಲಿ ರೂಮು ಮಾಡಿಕೊಂಡು ರಾಜ್ಯದ ಆಡಳಿತ ಸೇವೆಯ ಪರೀಕ್ಷೆಗೆ, ಅಂದರೆ ಕೆಎಎಸ್‌ಗೆ ಓದುತ್ತಿದ್ದಾನೆ. ಅವನ ಲೆಕ್ಕವೇ ಬೇರೆ. "ಪರೀಕ್ಷೆಗೆ ಡಿಗ್ರಿ ಸಾಕು ಕಣೇ. ಮಾಡ್ಲೇಬೇಕು ಅಂದ್ರೆ ಇಗ್ನೋದಲ್ಲಿ ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಕಟ್ಟು, ದಿನಾ ಕ್ಲಾಸಿಗೆ ಹೋಗೋ ತಾಪತ್ರಯ ಇರಲ್ಲ" ಅಂದ. ಡಿಗ್ರಿ ಸಾಕು ಅನ್ನುವುದು ನಿಜವೇ. ಕೆಎಎಸ್‌ನ ಮುಖ್ಯ ಪರೀಕ್ಷೆಯಲ್ಲಂತೂ (ಮೇನ್ಸ್) ಈಗ ನಾವೇ ಆರಿಸಿಕೊಳ್ಳುವ ಐಚ್ಛಿಕ ವಿಷಯವೇ ಇಲ್ಲ. ಪ್ರಬಂಧ, ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆ ಸೇರಿ 1,250 ಅಂಕ. ಐಎಎಸ್‌ಗೆ ಬರೆಯುವ ಯುಪಿಎಸ್‌ಸಿ ಮೇನ್ಸ್‌ನಲ್ಲಿ ಐಚ್ಛಿಕ ಇದ್ದರೂ 1,750 ಅಂಕದಲ್ಲಿ ಅದರ ಪಾಲು 500 ಮಾತ್ರ. ಅಂದಮೇಲೆ ಅಂಕಕ್ಕಾಗಿಯೇ ಎರಡು ವರ್ಷದ ಎಂ.ಎ. ಆರಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಕುರ್ಚಿ ಸಿಕ್ಕಿದ ಮೇಲೆ ಏನು ತಿಳಿದಿರಬೇಕು ಅನ್ನುವುದೇ ನನಗೆ ಮುಖ್ಯ.

ನಮ್ಮ ಕಡೆಯದನ್ನೇ ನೋಡಿ. ಕಾಡಾನೆ ಗದ್ದೆಗೆ ಇಳಿದರೆ ಹೋಗುವುದು ಆ ವರ್ಷದ ಭತ್ತ. ತೋಟಕ್ಕೆ ನುಗ್ಗಿ ಕಾಫಿ ಗಿಡ ಮುರಿದರೆ ಹಾಗಲ್ಲ. ಹೊಸ ಗಿಡ ನೆಟ್ಟು ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಗೊಬ್ಬರ, ಕಸಿ (ಗಿಡ ಸವರುವುದು), ಕೂಲಿ ಎಲ್ಲ ಕೈಯಿಂದಲೇ. ಆನೆ ಇದೆ ಅಂತ ಗೊತ್ತಾದರೆ ಆಳುಗಳು ಕೆಲಸಕ್ಕೆ ಬರುವುದಿಲ್ಲ, ಆ ನಷ್ಟ ಯಾವ ಅರ್ಜಿಯಲ್ಲೂ ಬರೆಯುವಂತಿಲ್ಲ. ಹಾಗಾದರೆ ಒಂದು ಗಿಡದ ಬೆಲೆ ಎಷ್ಟು? ಪರಿಹಾರದ ದರ ನಿಗದಿ ಮಾಡುವವರಿಗೆ ಈ ಲೆಕ್ಕ ಬರಬೇಕು. ಆನೆಯ ದಾರಿಯನ್ನು ಉಳಿಸಿಕೊಂಡೇ ರೈತನಿಗೂ ನ್ಯಾಯ ಕೊಡಬೇಕೆಂದರೆ ಇನ್ನೂ ಚೆನ್ನಾಗಿ ಬರಬೇಕು. ಇದನ್ನು ಕಲಿಸುವ ವಿಷಯ ಅರ್ಥಶಾಸ್ತ್ರ ಅಂತ ನಾನು ಮನಸಾರೆ ನಂಬಿದ್ದೇನೆ.

ಇನ್ನೊಂದು ಬಾಗಿಲೂ ಇದೆ. ಭಾರತೀಯ ಆರ್ಥಿಕ ಸೇವೆ, ಅಂದರೆ ಕೇಂದ್ರ ಸರ್ಕಾರದ ಅರ್ಥಶಾಸ್ತ್ರಜ್ಞರ ಹುದ್ದೆ. ಅದರ ಪರೀಕ್ಷೆಯನ್ನು ನಡೆಸುವುದೂ ಯುಪಿಎಸ್‌ಸಿಯೇ, ಆದರೆ ಅದಕ್ಕೆ ಬರೀ ಡಿಗ್ರಿ ಸಾಲದು, ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯೇ ಬೇಕು. ನಮ್ಮ ಕಡೆ ಇದರ ಬಗ್ಗೆ ಮಾತಾಡುವವರೇ ಕಡಿಮೆ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಸಾರ್ವಜನಿಕ ನೀತಿಯ ಎರಡು ವರ್ಷದ ಕೋರ್ಸಿದೆ. ಅದರ ಮೇಲೆ ತುಂಬಾ ಆಸೆಯಿತ್ತು. ಫೀಸು, ಊಟ, ವಸತಿ ಎಲ್ಲ ಸೇರಿಸಿದರೆ ನಮಗೆ ಎಟುಕುವುದಿಲ್ಲ. ಮುಂದೆ ನೋಡೋಣ.

ಅಪ್ಪ ಕೇಳಿದ್ದು ಒಂದೇ: "ಹಾಸ್ಟೆಲ್ ಸಿಗುತ್ತಾ ಪುಟ್ಟಿ? ಕತ್ತಲಾದ್ಮೇಲೆ ಬಸ್ಸಿಳಿದು ತೋಟದ ದಾರೀಲಿ ನಡ್ಕಂಡು ಬರೋದು ಬೇಡ." ಹಾಸ್ಟೆಲ್ ವಿಚಾರಿಸಬೇಕು. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡಬೇಕು. ಗಣಿತ ಎಸ್ಎಸ್ಎಲ್‌ಸಿಗೇ ನಿಂತಿದೆ, ಎಂ.ಎ.ಯಲ್ಲಿ ಸಂಖ್ಯಾಶಾಸ್ತ್ರ ತಪ್ಪಿದ್ದಲ್ಲ. ತರಗತಿ ಶುರುವಾಗುವ ಮೊದಲು ಪಿಯುಸಿ ಸಂಖ್ಯಾಶಾಸ್ತ್ರದ ಪುಸ್ತಕ ಮುಗಿಸಬೇಕು. ಪಕ್ಕದ ಮನೆಯ ಹುಡುಗನ ಹತ್ತಿರ ಇದೆಯಂತೆ, ನಾಳೆ ಇಸಕೊಳ್ಳುತ್ತೇನೆ.