ಲ್ಯಾಬ್‌ಗೆ ಬೀಗ ಹಾಕೋ ಮೊದಲು

ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು ನಾನು. ಹಾಗಾಗಿ ಲ್ಯಾಬ್ ತೆಗೆದುಹಾಕಿ ತರಗತಿಗಳಿಗೇ ಲ್ಯಾಪ್‌ಟಾಪ್ ಕಳಿಸೋಣ ಎಂಬ ಮಾತು ಬಂದಾಗ ನನ್ನ ಉತ್ತರ ಏನಿರುತ್ತೆ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೊದಲೇ ಊಹಿಸಿದ್ದರು. ತನ್ನ ಕೋಣೆ ಹೋಗುತ್ತಲ್ಲ ಅನ್ನೋ ಸಂಕಟಕ್ಕೆ ಬೇಡ ಅಂತಾನೆ, ಅಷ್ಟೇ. ಪೂರ್ತಿ ಸುಳ್ಳೂ ಅಲ್ಲ ಬಿಡಿ.

ಹೆಡ್ ಮೇಡಂ ಜಾಣೆ. "ವಾದ ಬೇಡ ಸರ್. ಒಂದು ದಿನ ಟ್ರಾಲಿ ತರಗತಿಗಳಿಗೆ ಹೋಗ್ಲಿ. ನೀವೂ ಜೊತೆಗಿರಿ. ಸಂಜೆ ಮಾತಾಡೋಣ" ಎಂದರು.

ಟ್ರಾಲಿ ಅಂದರೆ ಚಕ್ರ ಇರುವ ಕಬ್ಬಿಣದ ಕಪಾಟು. ಒಳಗೆ ಒಂದೊಂದು ಲ್ಯಾಪ್‌ಟಾಪಿಗೆ ಒಂದೊಂದು ಗೂಡು, ಪ್ರತಿ ಗೂಡಿಗೂ ಒಂದು ಚಾರ್ಜರ್ ವೈರ್. ಒಂದು ಲ್ಯಾಪ್‌ಟಾಪ್ ಚಾರ್ಜರಿಗೆ 65 ವ್ಯಾಟ್ ಅಂತ ಹಿಡಿದರೂ 40 ಲ್ಯಾಪ್‌ಟಾಪಿಗೆ 2,600 ವ್ಯಾಟ್ ಆಗುತ್ತೆ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಗೋಡೆಯ ಸಾಮಾನ್ಯ ಸಾಕೆಟ್ ತಡೆಯಲ್ಲ. ಅದಕ್ಕೇ ಟ್ರಾಲಿ ಅರ್ಧರ್ಧ ಮಾಡಿ ಸರದಿಯಲ್ಲಿ ಚಾರ್ಜ್ ಮಾಡುತ್ತೆ. ಹಿಂದಿನ ದಿನ ಯಾರೋ ಕೆಲವು ವೈರ್‌ಗಳನ್ನು ಸರಿಯಾಗಿ ಒತ್ತಿರಲಿಲ್ಲ. ಆ ಗೂಡಿನವು ಬೆಳಗ್ಗೆ ಏಳಲೇ ಇಲ್ಲ.

ಮೊದಲು ಏಳನೇ ತರಗತಿಯ ವಿಜ್ಞಾನ ಪೀರಿಯಡ್. "ಸರ್, ನಂದು ಆನ್ ಆಗ್ತಿಲ್ಲ." "ಸರ್, ಪಾಸ್‌ವರ್ಡ್ ತಗೋತಿಲ್ಲ." "ಸರ್, ಅಪ್‌ಡೇಟ್ ಅಂತ ತಿರುಗ್ತಾನೇ ಇದೆ." ಎಲ್ಲರೂ ಒಂದೇ ಸಲ ಲಾಗಿನ್ ಆಗಲು ಹೋದಾಗ ವೈ-ಫೈ ಏದುಸಿರು ಬಿಡತೊಡಗಿತು. ವೈ-ಫೈನಲ್ಲಿ ಒಂದು ಚಾನೆಲ್ಲಿನ ಮೇಲೆ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಯಂತ್ರ ಮಾತಾಡಬಹುದು, ಉಳಿದವು ಕಾಯಬೇಕು. ಲ್ಯಾಬಿನಲ್ಲಿ ಆ ರಗಳೆ ಇಲ್ಲ. ಪ್ರತಿ ಕಂಪ್ಯೂಟರಿಗೂ ಅದರದೇ ಕೇಬಲ್ ಇದೆ. ಮಕ್ಕಳು ಬರೋ ಮೊದಲೇ ನಾನು ಎಲ್ಲವನ್ನೂ ಆನ್ ಮಾಡಿಟ್ಟಿರುತ್ತೇನೆ. ಇಲ್ಲಿ 40 ನಿಮಿಷದ ಪೀರಿಯಡ್‌ನಲ್ಲಿ ಒಳ್ಳೇ ಕಾಲು ಭಾಗ ಹೀಗೇ ಹೋಯ್ತು. ನನಗೆ ಒಳಗೊಳಗೇ ಖುಷಿ. ಸಂಜೆ ಹೇಳೋಕೆ ಮಾತು ಸಿಕ್ಕಿತಲ್ಲ!

ಆಮೇಲೆ ನಡೆದದ್ದೇ ಬೇರೆ.

ಪ್ರಯೋಗ ತೀರಾ ಸರಳ. ಲೋಟದಲ್ಲಿ ಬಿಸಿನೀರು, ಅದರಲ್ಲಿ ಥರ್ಮಾಮೀಟರ್. ಎರಡೆರಡು ನಿಮಿಷಕ್ಕೆ ಉಷ್ಣತೆ ನೋಡಿ ಸ್ಪ್ರೆಡ್‌ಶೀಟಿನಲ್ಲಿ ಬರೆಯೋದು. ಪಕ್ಕದಲ್ಲೇ ಗ್ರಾಫ್ ತಾನಾಗಿ ಬೆಳೆಯುತ್ತಾ ಹೋಗುತ್ತೆ. ಕಿಟಕಿ ಪಕ್ಕದ ಗುಂಪಿನ ಗೆರೆ ನೀಟಾಗಿ ಇಳಿಯುತ್ತಿತ್ತು. ಎಂಟನೇ ನಿಮಿಷಕ್ಕೆ 66. ಹತ್ತಕ್ಕೆ 46. ಹನ್ನೆರಡಕ್ಕೆ 62. ಗೆರೆ ದಬಕ್ಕನೆ ಬಿದ್ದು ಮತ್ತೆ ಎದ್ದಿತ್ತು.

ಟೈಪ್ ಮಾಡುತ್ತಿದ್ದ ಹುಡುಗಿ ಕೈ ನಿಲ್ಲಿಸಿದಳು. "ನೀರು ತಾನಾಗೇ ಮತ್ತೆ ಬಿಸಿ ಆಯ್ತಾ?" ಪಕ್ಕದವನು ಲೋಟ ಮುಟ್ಟಿ ನೋಡಿದ. ಇನ್ನೊಬ್ಬ ಥರ್ಮಾಮೀಟರ್ ಎತ್ತಿ ಹಿಡಿದ. "ಮೇಲೆತ್ತಬೇಡ, ಗಾಳಿಗೆ ಇಳಿದುಬಿಡುತ್ತೆ" ಅಂತ ಅವಳು ಗದರಿದಳು. ಅದನ್ನ ಮತ್ತೆ ನೀರಿಗೆ ಇಳಿಸಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಮತ್ತೊಮ್ಮೆ ಓದಿದರು. ಇನ್ನೂ 60ರ ಆಸುಪಾಸೇ. ಹಾಗಾದರೆ ಹತ್ತನೇ ನಿಮಿಷದ್ದು 64 ಇರಬೇಕು, ಅಂಕಿ ತಿರುವುಮುರುವಾಗಿದೆ ಅಂತ ಅವರೇ ಹುಡುಕಿದರು. ವಿಜ್ಞಾನದ ಮೇಡಂ ಒಂದು ಮಾತೂ ಆಡಲಿಲ್ಲ. 46 ಅಳಿಸಿಬಿಡಿ ಅಂತಲೂ ಹೇಳಲಿಲ್ಲ. ಪಕ್ಕದ ಕಾಲಮ್ಮಿನಲ್ಲಿ 'ಅನುಮಾನ' ಅಂತ ಬರೆಸಿದರು, ಅಷ್ಟೇ. ಒಳ್ಳೇ ಟೀಚರ್ ಅಂದ್ರೆ ಹಾಗಿರಬೇಕು.

ಇದೇ ಪಾಠಕ್ಕೆ ಇಷ್ಟು ದಿನ ಏನಾಗ್ತಿತ್ತು ಅಂದರೆ, ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮುಂದಿನ ವಾರ ಲ್ಯಾಬಿಗೆ ಬರುತ್ತಿದ್ದರು. ಗ್ರಾಫ್ ಹಾಕೋ ಹೊತ್ತಿಗೆ ಲೋಟ ತೊಳೆದಿಟ್ಟು ವಾರ ಆಗಿರುತ್ತಿತ್ತು. ತಗ್ಗು ಕಂಡರೂ "ಸರ್, ಇದು ಯಾಕೋ ಹೀಗೆ ಬಂದಿದೆ" ಅಂತ ನನ್ನನ್ನು ಕೇಳೋರು. ನಾನು ಆ ನೀರನ್ನು ನೋಡಿಯೇ ಇರಲಿಲ್ಲ. ಲ್ಯಾಬ್ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸ ಅದರ ಕೈಲಾಗಲ್ಲ.

ಮಧ್ಯಾಹ್ನ ಎಂಟನೇ ತರಗತಿಗೆ ನನ್ನದೇ ಪ್ರೋಗ್ರಾಮಿಂಗ್ ಪಾಠ. ಬಣ್ಣದ ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡೋ ಸ್ಕ್ರ್ಯಾಚ್‌ನಲ್ಲಿ ಚೌಕ ಬರೆಸೋದು, ಆಮೇಲೆ ಅದನ್ನೇ ತಿರುಗಿಸಿ ಹೂವು ಮಾಡೋದು. ಈ ಪಾಠದ ಬೇರು ಹಳೇದು. 1967ರಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಅವರ ಜೊತೆಗಾರರು ಮಕ್ಕಳಿಗಾಗಿ ಲೋಗೋ ಭಾಷೆ ಮಾಡಿದ್ದರು. ಅದರಲ್ಲಿ ಹೇಳಿದಂತೆ ನಡೆಯೋ ಆಮೆ ಗೆರೆ ಎಳೆಯುತ್ತಿದ್ದ ರೀತಿಯಲ್ಲೇ ಇಲ್ಲಿ ಸ್ಕ್ರೀನಿನ ಮೇಲಿನ ಬೆಕ್ಕು ಎಳೆಯುತ್ತೆ. ಮಕ್ಕಳಿಗೆ ಕೋನ ಅರ್ಥ ಆಗೋದು ಬೆಕ್ಕು ತಪ್ಪು ದಾರಿ ಹಿಡಿದಾಗ.

ಆದರೆ ಬೆಕ್ಕು ತಪ್ಪು ದಾರಿ ಹಿಡಿದದ್ದು ನನಗೆ ಕಾಣಬೇಕಲ್ಲ! ಲ್ಯಾಬಿನಲ್ಲಿ ಕಂಪ್ಯೂಟರುಗಳೆಲ್ಲ ಗೋಡೆಗುಂಟ ಇವೆ. ಮಧ್ಯೆ ನಿಂತು ಒಂದು ಸುತ್ತು ತಿರುಗಿದರೆ ಎಲ್ಲರ ಸ್ಕ್ರೀನೂ ಕಾಣುತ್ತೆ. ಯಾರು ಸಿಕ್ಕಿಹಾಕಿಕೊಂಡಿದ್ದಾರೆ, ಯಾರು ಮುಗಿಸಿ ಗೇಮ್ ತೆಗೆದಿದ್ದಾರೆ ಅಂತ ಕೇಳೋದೇ ಬೇಡ. ತರಗತಿಯಲ್ಲಿ ಬೋರ್ಡ್ ಮುಂದೆ ನಿಂತರೆ ಕಾಣೋದು ಲ್ಯಾಪ್‌ಟಾಪ್ ಮುಚ್ಚಳಗಳ ಬೆನ್ನು, ಅದರ ಮೇಲೆ ಸಾಲಾಗಿ ಹಣೆಗಳು. ನಾನು ಹಿಂದೆ ಹೋಗಿ ನಿಂತೆ. ಆಗ ಬೋರ್ಡಿನಲ್ಲಿ ಬರೆಯೋರು ಯಾರು? ಟಚ್‌ಪ್ಯಾಡ್ ಇನ್ನೊಂದು ಕಾಟ. ಬ್ಲಾಕನ್ನು ಹಿಡಿದು ಎಳೆದು ಇನ್ನೊಂದಕ್ಕೆ ಅಂಟಿಸಬೇಕು, ಬೆರಳು ಅರ್ಧದಲ್ಲಿ ಜಾರುತ್ತೆ, ಬ್ಲಾಕ್ ಎಲ್ಲೋ ಬೀಳುತ್ತೆ. ಮೌಸ್ ಇದ್ದಿದ್ದರೆ ಕ್ಷಣದ ಕೆಲಸ. ಸಣ್ಣ ಸ್ಕ್ರೀನಿನಲ್ಲಿ ಬ್ಲಾಕೂ ಬೆಕ್ಕೂ ಒತ್ತಾಗಿ ಕೂತಿದ್ದವು. ಬೆಲ್ ಹೊಡೆದಾಗ ಹೆಚ್ಚಿನವರು ಚೌಕದಲ್ಲೇ ಇದ್ದರು. ಹೂವಿಗೆ ಯಾರೂ ಮುಟ್ಟಿರಲಿಲ್ಲ.

ಸಂಜೆ ಗಣಿತದ ಸರ್ ಶುರು ಮಾಡಿದರು. "ಜಗತ್ತೇ ಲ್ಯಾಪ್‌ಟಾಪಿಗೆ ಹೋಗಿದೆ, ನಾವ್ಯಾಕೆ ಹಿಂದೆ?" ಹೋಗಿದೆ ನಿಜ. ಮೆಲ್ಬರ್ನಿನ ಒಂದು ಹೆಣ್ಣುಮಕ್ಕಳ ಶಾಲೆ 1990ರಲ್ಲೇ ಶುರು ಮಾಡಿತ್ತು. ಅಮೆರಿಕದ ಮೇನ್ ರಾಜ್ಯ 2002ರಲ್ಲಿ ಏಳನೇ ತರಗತಿಯವರಿಗೆ ಲ್ಯಾಪ್‌ಟಾಪ್ ಕೊಟ್ಟಿತು. ಉರುಗ್ವೆ 2007ರಿಂದ ಸರ್ಕಾರಿ ಶಾಲೆ ಮಕ್ಕಳಿಗೆ ಹಂಚಿತು. ಆದರೆ ಪೆರುವಿನ ಹಳ್ಳಿ ಶಾಲೆಗಳಿಗೆ ಕೊಟ್ಟ ಲ್ಯಾಪ್‌ಟಾಪ್‌ಗಳ ಬಗ್ಗೆ 2012ರಲ್ಲಿ ಬಂದ ಅಧ್ಯಯನ ಬೇರೆಯೇ ಹೇಳಿತು. ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಕಾಣುವಂಥ ಏರಿಕೆ ಏನೂ ಇರಲಿಲ್ಲ. ಪೆಟ್ಟಿಗೆ ಕೊಟ್ಟರೆ ಆಗಲಿಲ್ಲ, ಅದನ್ನು ಯಾವ ಪಾಠಕ್ಕೆ, ಹೇಗೆ ಬಳಸೋದು ಅಂತ ಟೀಚರಿಗೆ ಯಾರಾದರೂ ಹೇಳಿಕೊಡಬೇಕು.

ನಾನು ಬೆಳಗಿನ ಗ್ರಾಫಿನ ಕತೆ ಹೇಳಿದೆ, ಮಧ್ಯಾಹ್ನದ ಬೆಕ್ಕಿನ ಕತೆಯನ್ನೂ ಹೇಳಿದೆ. ಕಂಪ್ಯೂಟರ್ ಬಳಸಿ ಬೇರೆ ವಿಷಯ ಕಲಿಯೋದಾದರೆ ಅದು ಆ ವಿಷಯದ ಮೇಜಿನ ಮೇಲೇ ಇರಲಿ. ಕಂಪ್ಯೂಟರನ್ನೇ ಕಲಿಯೋದಾದರೆ ಲ್ಯಾಬ್ ಬೇಕು. ಎರಡಕ್ಕೂ ದುಡ್ಡಿಲ್ಲ ಅಂದರೆ ಲ್ಯಾಬನ್ನು ಅರ್ಧ ಮಾಡಿ, ಪೂರ್ತಿ ಮುಚ್ಚಬೇಡಿ ಅಂದೆ. ಲ್ಯಾಪ್‌ಟಾಪ್ ಪರ ನಾನು ಮಾತಾಡಿದ್ದು ಕೇಳಿ ಗಣಿತದ ಸರ್ ಹುಬ್ಬೇರಿಸಿದರು.

ಹೆಡ್ ಮೇಡಂ ಬರೆದುಕೊಂಡರು. ಟ್ರಾಲಿ ಸದ್ಯಕ್ಕೆ ವಿಜ್ಞಾನಕ್ಕೆ ಮಾತ್ರ, ಅದೂ ಮೊದಲೇ ಹೇಳಿದರೆ. ಬೆಳಗ್ಗೆ ಬೆಲ್‌ಗೆ ಮುಂಚೆ ಚಾರ್ಜ್ ನೋಡೋ ಕೆಲಸ ನನ್ನ ತಲೆಗೆ ಬಂತು. ವಿಜ್ಞಾನದ ಮೇಡಂ ಆಗಲೇ ಮುಂದಿನ ವಾರಕ್ಕೆ ಹೆಸರು ಬರೆಸಿದರು, ಒಂಬತ್ತನೇ ತರಗತಿಗೆ. ಅದು ಇರೋದು ಎರಡನೇ ಮಹಡಿಯಲ್ಲಿ, ಶಾಲೆಗೆ ಲಿಫ್ಟ್ ಇಲ್ಲ. ಟ್ರಾಲಿ ಹೊರೋದು ಯಾರು ಅನ್ನೋ ಚರ್ಚೆ ಲ್ಯಾಬ್ ಚರ್ಚೆಗಿಂತ ಜಾಸ್ತಿ ಹೊತ್ತು ನಡೀತು.